ಕಾಫಿ ಹೊಟ್ಟಿನ ಕಾಂತೀಯ ವೇಗವರ್ಧಕ ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

ಈ ಕೈಪಿಡಿಯನ್ನು ಒಂದು ನಿರ್ದಿಷ್ಟ ಪುಡಿಯನ್ನು ಎದುರಿಗಿಟ್ಟುಕೊಂಡು ಬರೆದಿದ್ದೇನೆ. ಕಾಫಿ ಹೊಟ್ಟನ್ನು ಫೆರಿಕ್ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ, ಒಣಗಿಸಿ, ಟ್ಯೂಬ್ ಫರ್ನೇಸಿನಲ್ಲಿ ನೈಟ್ರೋಜನ್ ಹರಿಸುತ್ತಾ ಕಾಯಿಸಿದರೆ ಹೊಟ್ಟು ಇದ್ದಿಲಾಗುತ್ತದೆ, ಕಬ್ಬಿಣ ಅದರೊಳಗೆ ಮ್ಯಾಗ್ನೆಟೈಟ್ (ಅಯಸ್ಕಾಂತ ಸೆಳೆಯುವ ಕಪ್ಪು ಕಬ್ಬಿಣದ ಆಕ್ಸೈಡ್) ಕಣಗಳಾಗಿ ಕೂರುತ್ತದೆ. ಅದಕ್ಕೆ ಕೋಬಾಲ್ಟ್ ಲವಣ ಹೀರಿಸಿ ಸೋಡಿಯಂ ಬೋರೋಹೈಡ್ರೈಡ್‌ನಿಂದ ಅಪಕರ್ಷಿಸಿದಾಗ ಸಿಗುವ ಕಪ್ಪು ಪುಡಿಯೇ ನಮ್ಮ ವೇಗವರ್ಧಕ. ಅದರಿಂದ ಎರಡು ಕೆಲಸ ನಿರೀಕ್ಷಿಸುತ್ತೇವೆ. ಬೋರೋಹೈಡ್ರೈಡ್ ಮತ್ತು ನೀರಿನಿಂದ ಹೈಡ್ರೋಜನ್ ಬಿಡಿಸುವುದು ಒಂದು, 4-ನೈಟ್ರೋಫಿನಾಲನ್ನು 4-ಅಮಿನೋಫಿನಾಲ್ ಆಗಿ ಅಪಕರ್ಷಿಸುವುದು ಇನ್ನೊಂದು. ಕೆಲಸ ಮುಗಿದ ಮೇಲೆ ಬೀಕರಿನ ಹೊರಗೆ ಅಯಸ್ಕಾಂತ ಹಿಡಿದು ಪುಡಿಯನ್ನು ಉಳಿಸಿಕೊಂಡು ಮತ್ತೆ ಬಳಸಬೇಕು. ಅಡಿಕೆ ಸಿಪ್ಪೆ, ತೆಂಗಿನ ಚಿಪ್ಪು, ಕಬ್ಬಿನ ಸಿಪ್ಪೆಯಿಂದ ಶುರು ಮಾಡುವವರಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ.

ಈ ಕೆಲಸದಲ್ಲಿ ದೋಷಗಳು ಎರಡು ಬಗೆ. ಪುಡಿ ಕೆಲಸ ಮಾಡುವುದಿಲ್ಲ, ಅದು ಕಣ್ಣಿಗೆ ಕಾಣುತ್ತದೆ. ಪುಡಿ ಕೆಲಸ ಮಾಡದೆಯೂ ಮಾಡಿದಂತೆ ತೋರುತ್ತದೆ, ಅದು ಪ್ರಬಂಧದವರೆಗೂ ಹೋಗಿಬಿಡುತ್ತದೆ. ಎರಡನೆಯದೇ ಹೆಚ್ಚು ಅಪಾಯದ್ದು ಎಂದು ನನ್ನ ಅಭಿಪ್ರಾಯ. ಹಾಗಾಗಿ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಳದಿ ಬಣ್ಣ ಹೋಯಿತು, ಆದರೆ ಅಪಕರ್ಷಣ ನಡೆದಿದೆಯೇ?

4-ನೈಟ್ರೋಫಿನಾಲ್ ಪರೀಕ್ಷೆಯನ್ನು ಈ ಶತಮಾನದ ಆರಂಭದಲ್ಲಿ ಐಐಟಿ ಖರಗ್‌ಪುರದ ತಾರಾಶಂಕರ್ ಪಾಲ್ ಅವರ ತಂಡ ಬಳಕೆಗೆ ತಂದ ಮೇಲೆ ಜಗತ್ತಿನ ಎಲ್ಲ ಕಡೆ ಅದನ್ನು ಮಾಡುತ್ತಾರೆ. ಅದು ಇಷ್ಟು ಜನಪ್ರಿಯವಾದದ್ದು ಸರಳತೆಯಿಂದಾಗಿ. ನೈಟ್ರೋಫಿನಾಲ್ ತಟಸ್ಥ ನೀರಿನಲ್ಲಿ 317 ನ್ಯಾನೋಮೀಟರ್ ಬಳಿ ಬೆಳಕು ಹೀರುತ್ತದೆ. ಬೋರೋಹೈಡ್ರೈಡ್ ಬಿದ್ದೊಡನೆ ದ್ರಾವಣ ಕ್ಷಾರೀಯವಾಗಿ ನೈಟ್ರೋಫಿನೋಲೇಟ್ ಆಗುತ್ತದೆ, ಶಿಖರ, ಅಂದರೆ ಅತಿ ಹೆಚ್ಚು ಬೆಳಕು ಹೀರುವ ತರಂಗಾಂತರ, 400ಕ್ಕೆ ಸರಿಯುತ್ತದೆ, ಬಣ್ಣ ಗಾಢ ಹಳದಿಯಾಗುತ್ತದೆ. ಅಪಕರ್ಷಣ ನಡೆದಂತೆ 400ರ ಶಿಖರ ಇಳಿದು 300ರ ಬಳಿ ಅಮಿನೋಫಿನಾಲಿನ ಶಿಖರ ಏಳುತ್ತದೆ.

ಈ ಸರಳತೆಯಲ್ಲೇ ತೊಡಕಿದೆ. ಕಾಫಿ ಹೊಟ್ಟಿನ ಇದ್ದಿಲು ಫಿನಾಲ್‌ಗಳನ್ನು ಚೆನ್ನಾಗಿ ಹೀರುತ್ತದೆ. ಯಾವ ರಾಸಾಯನಿಕ ಕ್ರಿಯೆಯೂ ನಡೆಯದೆ ನೈಟ್ರೋಫಿನಾಲ್ ಇದ್ದಿಲಿನ ರಂಧ್ರಗಳಲ್ಲಿ ಸೇರಿಕೊಂಡರೂ ಹಳದಿ ಹೋಗುತ್ತದೆ, 400ರ ಶಿಖರ ಕುಸಿಯುತ್ತದೆ, ಲಾಗರಿದಮ್ ನಕ್ಷೆಯೂ ಹೆಚ್ಚುಕಡಿಮೆ ನೇರ ಗೆರೆಯಾಗಿ ಬರುತ್ತದೆ. 400 ಒಂದರಲ್ಲೇ ಓದುತ್ತಾ ಕೂತವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಪರೀಕ್ಷಿಸುವುದು ಹೀಗೆ. ಒಂದೇ ತರಂಗಾಂತರ ನೋಡಬೇಡಿ, 250ರಿಂದ 500ರವರೆಗೆ ಪೂರ್ತಿ ಸ್ಕ್ಯಾನ್ ತೆಗೆಯಿರಿ. 400 ಇಳಿದಷ್ಟಕ್ಕೆ ತಕ್ಕಂತೆ 300 ಏರುತ್ತಿದೆಯೇ ಗಮನಿಸಿ. ನಿಜವಾದ ಅಪಕರ್ಷಣದಲ್ಲಿ ಎಲ್ಲ ವಕ್ರರೇಖೆಗಳೂ 280ರ ಆಸುಪಾಸಿನಲ್ಲಿ ಒಂದು, 314ರ ಆಸುಪಾಸಿನಲ್ಲಿ ಇನ್ನೊಂದು, ಹೀಗೆ ಎರಡು ಸ್ಥಿರ ಬಿಂದುಗಳನ್ನು ಹಾದುಹೋಗುತ್ತವೆ. ರೇಖೆಗಳು ಹಾಗೆ ಸೇರದೆ ಇಡೀ ಸ್ಪೆಕ್ಟ್ರಮ್ ಕೆಳಗಿಳಿಯುತ್ತಿದ್ದರೆ ಅದು ಇದ್ದಿಲಿನ ಹೀರಿಕೆ. ಎರಡೂ ಒಟ್ಟಿಗೆ ನಡೆಯುತ್ತಿರಲೂಬಹುದು. ಆಗ 300ರ ಶಿಖರ ಇರಬೇಕಾದಷ್ಟು ಎತ್ತರಕ್ಕೆ ಹೋಗುವುದಿಲ್ಲ.

ಜೊತೆಗೆ ಬೋರೋಹೈಡ್ರೈಡ್ ಹಾಕದೆ ಒಂದು ನಿಯಂತ್ರಣ ಪ್ರಯೋಗ ಬೇಕೇ ಬೇಕು. ಅದರಲ್ಲಿ ಒಂದು ಎಚ್ಚರಿಕೆ: ಬರಿ ನೀರಿನಲ್ಲಿ ಮಾಡಿದರೆ ಇರುವುದು ನೈಟ್ರೋಫಿನಾಲ್, ನಿಜವಾದ ಕ್ರಿಯೆಯಲ್ಲಿ ಇರುವುದು ಋಣಾತ್ಮಕ ನೈಟ್ರೋಫಿನೋಲೇಟ್. ಎರಡರ ಹೀರಿಕೆ ಬೇರೆ ಬೇರೆ. ಆದ್ದರಿಂದ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ ಹತ್ತರ ಹತ್ತಿರ ತಂದು, ಹಳದಿ ಮಾಡಿಕೊಂಡೇ ಹೋಲಿಸಬೇಕು. ಹೀರಿಕೆ ಗಣನೀಯವಾಗಿದ್ದರೆ ಪುಡಿಯನ್ನು ಮೊದಲು ನೈಟ್ರೋಫಿನೋಲೇಟ್ ಜೊತೆ ಸಮತೋಲನಕ್ಕೆ ಬರುವವರೆಗೆ ಬಿಟ್ಟು, ಆಮೇಲೆ ಬೋರೋಹೈಡ್ರೈಡ್ ಹಾಕಿ ಗಡಿಯಾರ ಶುರು ಮಾಡಿ.

ಈ ನಿಯಂತ್ರಣ ಇನ್ನೊಂದು ಸುಳ್ಳನ್ನೂ ಹಿಡಿದುಕೊಡುತ್ತದೆ. ಫರ್ನೇಸಿನ ತಾಪ 700 ಡಿಗ್ರಿ ದಾಟಿದರೆ ಇದ್ದಿಲೇ ಮ್ಯಾಗ್ನೆಟೈಟನ್ನು ಅಪಕರ್ಷಿಸಿ ಲೋಹರೂಪದ ಕಬ್ಬಿಣ ಮಾಡುತ್ತದೆ. ಆ ಕಬ್ಬಿಣ ತಾನೇ ಸವೆಯುತ್ತಾ ನೈಟ್ರೋ ಗುಂಪನ್ನು ಅಪಕರ್ಷಿಸಬಲ್ಲದು. ಅಂದರೆ ಅಲ್ಲಿ ಅದು ವೇಗವರ್ಧಕವಲ್ಲ, ಖರ್ಚಾಗುವ ರಾಸಾಯನಿಕ. ಬೋರೋಹೈಡ್ರೈಡ್ ಇಲ್ಲದೆಯೂ 300ರ ಶಿಖರ ಎದ್ದರೆ ಇದೇ ಕಾರಣ. ಮೊದಲ ಸುತ್ತು ಅದ್ಭುತ, ಎರಡನೆಯದು ಸಪ್ಪೆ ಎನ್ನುವ ದೂರಿನ ಹಿಂದೆಯೂ ಇದು ಇರುವುದುಂಟು.

ನೈಟ್ರೋಫಿನಾಲಿನ ಬದಲು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬಳಸುವವರಿಗೆ ಒಂದು ಮಾತು. ಬಣ್ಣ ಹೋದ ದ್ರಾವಣದಿಂದ ಪುಡಿ ತೆಗೆದು ಗಾಳಿಯಲ್ಲಿ ಚೆನ್ನಾಗಿ ಕುಲುಕಿ. ನೀಲಿ ಮರಳಿ ಬಂದರೆ ಆಗಿದ್ದದ್ದು ಬಣ್ಣವಿಲ್ಲದ ಲ್ಯೂಕೋ ರೂಪಕ್ಕೆ ಅಪಕರ್ಷಣ, ಬಣ್ಣದ ಅಣು ಒಡೆದಿಲ್ಲ. 'ಮಾಲಿನ್ಯ ನಾಶ' ಎಂದು ಬರೆಯುವ ಮುನ್ನ ಇದನ್ನು ಮಾಡಿ ನೋಡಲೇಬೇಕು.

ಮೊದಲ ಕೆಲವು ನಿಮಿಷ ಏನೂ ಆಗುವುದಿಲ್ಲ

400ರ ಶಿಖರ ಅಲುಗಾಡದೆ ನಿಂತು, ಆಮೇಲೆ ಥಟ್ಟನೆ ಇಳಿಯಲು ಶುರುವಾದರೆ ಪುಡಿ ಕೆಟ್ಟಿದೆ ಎಂದುಕೊಳ್ಳಬೇಡಿ. ಹೆಚ್ಚಾಗಿ ಇದು ನೀರಿನಲ್ಲಿ ಕರಗಿರುವ ಆಮ್ಲಜನಕದ ಕೆಲಸ. 25 ಡಿಗ್ರಿಯಲ್ಲಿ ಗಾಳಿಗೆ ತೆರೆದ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಇರುತ್ತದೆ, ಅಂದರೆ 0.25 ಮಿಲಿಮೋಲಾರ್. ನಾವು ಹಾಕುವ ನೈಟ್ರೋಫಿನಾಲ್ ಸಾಮಾನ್ಯವಾಗಿ 0.1 ಮಿಲಿಮೋಲಾರ್ ಮಾತ್ರ. ಲೋಹದ ಮೇಲ್ಮೈಗಾಗಿ ನೈಟ್ರೋಫಿನಾಲಿಗೆ ಪೈಪೋಟಿ ಕೊಡುವ ಆಮ್ಲಜನಕ ಅದರ ಎರಡೂವರೆ ಪಟ್ಟು ಇದೆ! ದ್ರಾವಣಗಳಿಗೆ ಅರ್ಧ ಗಂಟೆ ನೈಟ್ರೋಜನ್ ಗುಳ್ಳೆ ಹಾಯಿಸಿ ಮತ್ತೆ ಮಾಡಿ. ಕಾಯುವ ಸಮಯ ಕುಗ್ಗಿದರೆ ಕಾರಣ ಸಿಕ್ಕಿತು.

ಕುಗ್ಗದಿದ್ದರೆ ಕೋಬಾಲ್ಟಿನ ಮೇಲೆ ಆಕ್ಸೈಡ್ ಪದರ ಕಟ್ಟಿದೆ. ಹಾಟ್ ಏರ್ ಓವನ್ನಿನಲ್ಲಿ 100 ಡಿಗ್ರಿಗೆ ರಾತ್ರಿಯಿಡೀ ಒಣಗಿಸಿದ ಪುಡಿಯಲ್ಲಿ ಇದು ಖಚಿತ. ನಿರ್ವಾತದಲ್ಲಿ 50-60 ಡಿಗ್ರಿಗೆ ಒಣಗಿಸಿ, ಅಥವಾ ಎಥನಾಲಿನಲ್ಲಿ ಮುಳುಗಿಸಿಯೇ ಇಡಿ. ಹೊಸದಾಗಿ ಅಪಕರ್ಷಿಸಿದ ನುಣ್ಣನೆಯ ಲೋಹದ ಪುಡಿ ಒಣಗಿದಾಗ ಗಾಳಿ ತಾಗಿ ಕೆಂಡವಾಗಬಹುದು. ಹಾಗಾಗಿ ಅದನ್ನು ಕಾಗದದ ಮೇಲೆ ಹರವಬೇಡಿ.

ರೀಡಿಂಗ್ ಸ್ಥಿರವಾಗಿಲ್ಲದೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಕ್ಯುವೆಟ್ಟಿನ (ದ್ರಾವಣ ತುಂಬಿ ಬೆಳಕು ಹಾಯಿಸುವ ಪುಟ್ಟ ಪಾತ್ರೆ) ಗೋಡೆಗೆ ಹೈಡ್ರೋಜನ್ ಗುಳ್ಳೆ ಕೂತಿದೆ, ಇಲ್ಲವೇ ಪುಡಿಯ ಕಣಗಳು ಬೆಳಕು ಚದುರಿಸುತ್ತಿವೆ. 500ಕ್ಕಿಂತ ಮೇಲೆ ಈ ದ್ರಾವಣ ಹೆಚ್ಚೇನೂ ಬೆಳಕು ಹೀರುವುದಿಲ್ಲ. ಅಲ್ಲಿ ಸೊನ್ನೆಗಿಂತ ಮೇಲೆ ಬರುವುದೆಲ್ಲ ಚದುರಿಕೆಯೇ. ಇನ್ನು ನೈಟ್ರೋಫಿನೋಲೇಟ್ ತುಂಬ ಗಾಢವಾಗಿ ಬೆಳಕು ಹೀರುತ್ತದೆ, 0.1 ಮಿಲಿಮೋಲಾರ್‌ಗೇ ಓದು 1.8ರ ಹತ್ತಿರ ಹೋಗುತ್ತದೆ. ಎರಡರ ಮೇಲೆ ಹೋದರೆ ಸಾಧಾರಣ ಉಪಕರಣದ ಸಂಖ್ಯೆಯನ್ನು ನಂಬಬೇಡಿ, ದ್ರಾವಣವನ್ನು ಅರ್ಧಕ್ಕೆ ತೆಳು ಮಾಡಿ.

ಕ್ರಿಯೆ ಮುಗಿದ ದ್ರಾವಣ ಬೆಳಿಗ್ಗೆ ನೋಡಿದರೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದು ನೈಟ್ರೋಫಿನಾಲ್ ಮರಳಿ ಬಂದದ್ದಲ್ಲ, ಅಮಿನೋಫಿನಾಲ್ ಗಾಳಿಗೆ ಉತ್ಕರ್ಷಿತವಾದದ್ದು.

ಹೈಡ್ರೋಜನ್ ನೂರಕ್ಕಿಂತ ಹೆಚ್ಚು ಶೇಕಡಾ ಬರುತ್ತಿದೆ

ಒಂದು ಮೋಲ್ ಬೋರೋಹೈಡ್ರೈಡ್ ಎರಡು ಮೋಲ್ ನೀರಿನೊಡನೆ ಸೇರಿ ನಾಲ್ಕು ಮೋಲ್ ಹೈಡ್ರೋಜನ್ ಕೊಡುತ್ತದೆ. 100 ಮಿಲಿಗ್ರಾಂ ಹಾಕಿದರೆ 10.57 ಮಿಲಿಮೋಲ್ ಅನಿಲ. ಒಂದು ವಾತಾವರಣದ ಒತ್ತಡದಲ್ಲಿ, 25 ಡಿಗ್ರಿಯಲ್ಲಿ ಅದು 259 ಮಿಲಿಲೀಟರ್. ಪಠ್ಯಪುಸ್ತಕದಲ್ಲಿರುವ ಈ ಸಂಖ್ಯೆಯನ್ನೇ ಬೆಂಗಳೂರಿನಲ್ಲಿ ಕೂತು ಬಳಸಿದರೆ ಲೆಕ್ಕ ತಪ್ಪುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿಯ ಒತ್ತಡ ಸುಮಾರು 910 ಹೆಕ್ಟೋಪಾಸ್ಕಲ್. ನೀರಿನ ಮೇಲೆ ಹಿಡಿದ ಅನಿಲದಲ್ಲಿ ನೀರಿನ ಆವಿಯೂ ಇರುತ್ತದೆ, 25 ಡಿಗ್ರಿಯಲ್ಲಿ ಅದರ ಪಾಲು 32 ಹೆಕ್ಟೋಪಾಸ್ಕಲ್. ಎರಡನ್ನೂ ಗಮನದಲ್ಲಿಟ್ಟು ಲೆಕ್ಕ ಹಾಕಿದರೆ ಅಷ್ಟೇ ಹೈಡ್ರೋಜನ್ ಬೆಂಗಳೂರಿನ ಅಳತೆ ಕೊಳವೆಯಲ್ಲಿ 298 ಮಿಲಿಲೀಟರ್ ಜಾಗ ತುಂಬುತ್ತದೆ, ಮಂಗಳೂರಿನಲ್ಲಿ 267. ತಿದ್ದುಪಡಿ ಮಾಡದಿದ್ದರೆ ಬೆಂಗಳೂರಿನವರಿಗೆ ಶೇಕಡಾ 115 ಇಳುವರಿ. ಆದರೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸೋರಿಕೆ ಇರುವ ಸಲಕರಣೆಯಲ್ಲಿ ಶೇಕಡಾ 13 ಅನಿಲ ಹೋದರೂ ಸರಿಯಾಗಿ ನೂರು ಬಂದಂತೆ ಕಾಣುತ್ತದೆ. ಎರಡು ತಪ್ಪುಗಳು ಪರಸ್ಪರ ಮುಚ್ಚಿಹೋಗುತ್ತವೆ.

ಆದ್ದರಿಂದ ದಿನದ ಒತ್ತಡ, ನೀರಿನ ತಾಪ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಓದುವಾಗ ಕೊಳವೆಯ ಒಳಗಿನ, ಹೊರಗಿನ ನೀರಿನ ಮಟ್ಟ ಸಮ ಮಾಡಿಕೊಳ್ಳಿ. ಶುರು ಮಾಡುವ ಮುನ್ನ ಸಿರಿಂಜಿನಿಂದ 100 ಮಿಲಿಲೀಟರ್ ಗಾಳಿ ತಳ್ಳಿ, ಕಾಲು ಗಂಟೆ ಬಿಟ್ಟು ಅಷ್ಟೇ ಇದೆಯೇ ನೋಡಿ.

ಹೈಡ್ರೋಜನ್ ಕಡಿಮೆ ಬರುತ್ತಿದೆ, ಅಥವಾ ನಿಧಾನವಾಗಿ ಬರುತ್ತಿದೆ

ಇವೆರಡನ್ನೂ ಒಂದೇ ಎಂದುಕೊಳ್ಳಬಾರದು. ಕೊನೆಯ ಒಟ್ಟು ಪ್ರಮಾಣವೇ ಕಡಿಮೆಯಾದರೆ ಸೋರಿಕೆ ಇದೆ, ಇಲ್ಲವೇ ಬೋರೋಹೈಡ್ರೈಡ್ ಹಳತಾಗಿದೆ. ವೇಗವರ್ಧಕ ಎಷ್ಟೇ ಸೋಮಾರಿಯಾದರೂ ಒಟ್ಟು ಅನಿಲ ಬದಲಾಗುವುದಿಲ್ಲ, ಸಮಯ ಮಾತ್ರ ಹೆಚ್ಚು ಬೇಕು. ಬಾಟಲಿಯೊಳಗೆ ಬೋರೋಹೈಡ್ರೈಡ್ ಪುಡಿ ಗಂಟುಕಟ್ಟಿದ್ದರೆ ಅದು ತೇವ ಹೀರಿ ಭಾಗಶಃ ಆಗಲೇ ಬೋರೇಟ್ (ಹೈಡ್ರೋಜನ್ ಬಿಟ್ಟ ಮೇಲೆ ಉಳಿಯುವ ಲವಣ) ಆಗಿದೆ. ತೂಗಿದ ಚಿಟಿಕೆ ಪುಡಿಗೆ ಫ್ಯೂಮ್ ಹುಡ್‌ನಲ್ಲಿ, ಅದೇ ಅನಿಲ ಕೊಳವೆಗೆ ಜೋಡಿಸಿ, ತೆಳು ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಒಟ್ಟು ಅನಿಲ ಅಳೆದರೆ ಎಷ್ಟು ಜೀವ ಉಳಿದಿದೆ ಎಂದು ತಿಳಿಯುತ್ತದೆ.

ಕರಗಿಸಿಟ್ಟ ದ್ರಾವಣ ಇನ್ನೂ ಬೇಗ ಕೆಡುತ್ತದೆ. 25 ಡಿಗ್ರಿಯಲ್ಲಿ, ಪಿಎಚ್ 10 ಇದ್ದರೆ, ವೇಗವರ್ಧಕವಿಲ್ಲದೆಯೇ ಸುಮಾರು ಒಂದು ಗಂಟೆಯಲ್ಲಿ ಅರ್ಧ ಬೋರೋಹೈಡ್ರೈಡ್ ಮುಗಿದಿರುತ್ತದೆ. ಪಿಎಚ್ 12ಕ್ಕೆ ಏರಿಸಿದರೆ ನಾಲ್ಕು ದಿನ, 14ರಲ್ಲಿ ವರ್ಷಕ್ಕೂ ಮಿಕ್ಕಿ. ಬೆಳಿಗ್ಗೆ ಬರಿ ನೀರಿನಲ್ಲಿ ಕರಗಿಸಿ ಸಂಜೆಯವರೆಗೆ ಬಳಸಿದರೆ ಸಂಜೆಯ ಪ್ರಯೋಗಗಳಲ್ಲೆಲ್ಲ ವೇಗವರ್ಧಕ 'ಸೋತ' ಹಾಗೆ ಕಾಣುತ್ತದೆ. ಮರುಬಳಕೆಯ ಸುತ್ತುಗಳನ್ನು ನಾವು ಒಂದೇ ದಿನ ಸಾಲಾಗಿ ಮಾಡುವುದರಿಂದ ಈ ತಪ್ಪು ನೇರವಾಗಿ ಅಲ್ಲಿಗೇ ಬಂದು ಕೂರುತ್ತದೆ. ಪ್ರತಿ ಸುತ್ತಿಗೂ ಹೊಸದಾಗಿ ಕರಗಿಸಿ.

ವೇಗವೇ ಕಡಿಮೆ ಎಂದಾದರೆ ಮೊದಲು ಕಲಕುವ ಬಗೆ ನೋಡಿ. ಕಾಂತೀಯ ಪುಡಿಯನ್ನು ಮ್ಯಾಗ್ನೆಟಿಕ್ ಸ್ಟಿರರ್ ಮೇಲಿಟ್ಟರೆ ಪುಡಿಯೆಲ್ಲ ತಿರುಗುವ ಬಾರಿಗೆ ಮೆತ್ತಿಕೊಳ್ಳುತ್ತದೆ. ದ್ರಾವಣ ತಿಳಿಯಾಗಿ, ಬಾರ್ ಮಾತ್ರ ಕಪ್ಪು ರೋಮ ಬಂದಂತೆ ಕಾಣುತ್ತದೆ. ಆಗ ನೀವು ಅಳೆಯುತ್ತಿರುವುದು ಆ ಮುದ್ದೆಯ ಹೊರಮೈಯನ್ನಷ್ಟೇ. ಸುತ್ತಿನಿಂದ ಸುತ್ತಿಗೆ ಫಲಿತಾಂಶ ಹೊಂದಿಕೊಳ್ಳದಿರುವುದಕ್ಕೂ, ಬಾರಿನ ಜೊತೆ ಪುಡಿ ಕಳೆದುಹೋಗುವುದಕ್ಕೂ ಇದೇ ಮೂಲ. ಮೇಲಿನಿಂದ ತಿರುಗಿಸುವ ಗಾಜಿನ ಕಡ್ಡಿಯ ಸ್ಟಿರರ್ ಬಳಸಿ, ಇಲ್ಲವೇ ಶೇಕರ್ ಬಾತ್.

ಆಮೇಲೆ ತಾಪ. ಈ ಕ್ರಿಯೆ ಪ್ರತಿ ಮೋಲಿಗೆ 210 ಕಿಲೋಜೂಲ್ ಆಸುಪಾಸಿನ ಶಾಖ ಬಿಡುತ್ತದೆ. ಹತ್ತು ಮಿಲಿಲೀಟರ್ ನೀರಿಗೆ 100 ಮಿಲಿಗ್ರಾಂ ಬೋರೋಹೈಡ್ರೈಡ್ ಹಾಕಿದರೆ, ಶಾಖ ಹೊರಹೋಗದಿದ್ದಲ್ಲಿ, ನೀರು 13 ಡಿಗ್ರಿ ಬಿಸಿಯಾಗುತ್ತದೆ. ಹೊರಗಿನ ಬಾತ್ 30 ಡಿಗ್ರಿ ತೋರಿಸುತ್ತಿದ್ದರೂ ಫ್ಲಾಸ್ಕಿನೊಳಗೆ 40 ಇರಬಹುದು. ಥರ್ಮಾಮೀಟರ್ ಒಳಗೇ ಇರಲಿ. ಬೇರೆ ಬೇರೆ ತಾಪಗಳಲ್ಲಿ ವೇಗ ಅಳೆದು ತೆಗೆದ ಸಕ್ರಿಯಣ ಶಕ್ತಿ (ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆ) ಮೋಲಿಗೆ 20 ಕಿಲೋಜೂಲಿಗಿಂತ ಕೆಳಗೆ ಬಂದರೆ 'ಅತ್ಯುತ್ತಮ ವೇಗವರ್ಧಕ' ಎಂದು ಸಂಭ್ರಮಿಸುವ ಮೊದಲು ಅನುಮಾನಪಡಿ. ಕೋಬಾಲ್ಟಿಗೆ ಸಾಮಾನ್ಯವಾಗಿ 40ರಿಂದ 60 ಬರುತ್ತದೆ. ಅಷ್ಟು ಕಡಿಮೆ ಬಂದಿದ್ದರೆ ಇದ್ದಿಲಿನ ಕಿರಿದಾದ ರಂಧ್ರಗಳೊಳಗೆ ಬೋರೋಹೈಡ್ರೈಡ್ ಇಳಿಯುವ ವೇಗವನ್ನು ಅಳೆದಿರುತ್ತೀರಿ. ಪುಡಿಯ ತೂಕ ಅರ್ಧ ಮಾಡಿ, ಕಲಕುವ ವೇಗ ಹೆಚ್ಚಿಸಿ, ನುಣ್ಣಗೆ ಅರೆದು ಮತ್ತೆ ನೋಡಿ. ಪ್ರತಿ ಗ್ರಾಂ ಲೆಕ್ಕದ ವೇಗ ಬದಲಾದರೆ ಅನುಮಾನ ನಿಜ.

ಇವೆಲ್ಲ ಸರಿಯಿದ್ದೂ ವೇಗ ಇಲ್ಲದಿದ್ದರೆ ಆಗ ಕೋಬಾಲ್ಟನ್ನು ಪ್ರಶ್ನಿಸಿ. ಕೋಬಾಲ್ಟ್ ಲವಣಗಳು ಬೋರೋಹೈಡ್ರೈಡಿನ ಜಲವಿಭಜನೆಯನ್ನು ಚುರುಕುಗೊಳಿಸುತ್ತವೆ ಎಂದು ರಸಾಯನವಿಜ್ಞಾನಿಗಳಾದ ಷ್ಲೆಸಿಂಗರ್ ಮತ್ತು ಬ್ರೌನ್ ಅವರ ತಂಡ 1953ರಲ್ಲೇ ಪ್ರಕಟಿಸಿತ್ತು. ಲೋಹದ ಸಾಮರ್ಥ್ಯದಲ್ಲಿ ಸಂಶಯವಿಲ್ಲ, ಅದು ಇದ್ದಿಲಿನ ಮೇಲೆ ಕೂತಿದೆಯೇ ಎನ್ನುವುದೇ ಪ್ರಶ್ನೆ. ಲವಣ ಹೀರಿಸಿದ ಮೇಲೆ ಮೇಲಿನ ನೀರು ಗುಲಾಬಿಯಾಗಿಯೇ ಉಳಿದಿದ್ದರೆ ಕೋಬಾಲ್ಟ್ ನೀರಿನಲ್ಲೇ ಇದೆ. ಕಾಫಿ ಹೊಟ್ಟಿನಲ್ಲಿ ಪೊಟ್ಯಾಸಿಯಂ ಬಹಳ. ಸುಟ್ಟ ಮೇಲೆ ಅದು ಕಾರ್ಬೋನೇಟ್ ಆಗಿ ಉಳಿದು, ತೊಳೆಯದಿದ್ದರೆ, ಕೋಬಾಲ್ಟನ್ನು ಇದ್ದಿಲಿಗೆ ಅಂಟದಂತೆ ನೀರಿನಲ್ಲೇ ಗಸಿಯಾಗಿ ಇಳಿಸುತ್ತದೆ. ತೊಳೆದ ನೀರಿನ ಪಿಎಚ್ ತಟಸ್ಥಕ್ಕೆ ಬರುವವರೆಗೆ ಬಿಸಿನೀರಿನಲ್ಲಿ ತೊಳೆಯಿರಿ. ಡಿಸ್ಟಿಲ್ಡ್ ನೀರೇ ಆಗಬೇಕು. ಬೋರ್‌ವೆಲ್ ನೀರಿನ ಸುಣ್ಣ, ಮೆಗ್ನೀಸಿಯಂ ಬೋರೇಟ್ ಜೊತೆ ಸೇರಿ ಬಿಳಿ ಪದರ ಕಟ್ಟುತ್ತವೆ. ಭತ್ತದ ಹೊಟ್ಟಿನವರಿಗೆ ಪೊಟ್ಯಾಸಿಯಂ ಅಲ್ಲ, ಸಿಲಿಕಾ ತಲೆನೋವು, ಅದಕ್ಕೆ ಬಿಸಿ ಕ್ಷಾರದ ತೊಳೆತ ಬೇಕು.

ಅಯಸ್ಕಾಂತಕ್ಕೆ ಬರುತ್ತಿಲ್ಲ

ಪುಡಿಯ ಬಣ್ಣ ಕೆಂಪಿಗೆ ಹೊರಳಿದ್ದರೆ ಮ್ಯಾಗ್ನೆಟೈಟ್ ಹೋಗಿ ಹೆಮಟೈಟ್ (ಅಯಸ್ಕಾಂತಕ್ಕೆ ಅಷ್ಟಾಗಿ ಬಾರದ ಕೆಂಪು ಕಬ್ಬಿಣದ ಆಕ್ಸೈಡ್) ಆಗಿದೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ಹಾಯಿಸಿ ಹರಳಿನ ರಚನೆ ಗುರುತಿಸುವ ಪರೀಕ್ಷೆ) ತಾಮ್ರದ ಕಿರಣಕ್ಕೆ 33.2 ಡಿಗ್ರಿಯಲ್ಲಿ ಶಿಖರ ಕಂಡರೆ ಅದು ಹೆಮಟೈಟಿನದು. ಮ್ಯಾಗ್ನೆಟೈಟಿನದು 30.1, 35.5, 43.1, 57, 62.6ರ ಬಳಿ. 35.5ರ ಸುತ್ತ ಎರಡೂ ಇರುವುದರಿಂದ ಆ ಒಂದೇ ಶಿಖರ ನೋಡಿ ತೀರ್ಮಾನಿಸಬೇಡಿ. ಕಾರಣ ಬಹುತೇಕ ಫರ್ನೇಸಿಗೆ ಗಾಳಿ ನುಗ್ಗಿರುವುದು, ಅಥವಾ ಆತುರದಲ್ಲಿ ಬಿಸಿಯಾಗಿರುವಾಗಲೇ ಪುಡಿಯಿಟ್ಟ ದೋಣಿಯಾಕಾರದ ಪಾತ್ರೆ ಹೊರತೆಗೆದಿರುವುದು. ಹೊರಹೋಗುವ ಕೊಳವೆಗೆ ನೀರಿನ ಬಬ್ಲರ್ ಜೋಡಿಸಿ, ಕೋಣೆಯ ತಾಪಕ್ಕೆ ಬರುವವರೆಗೂ ನೈಟ್ರೋಜನ್ ನಿಲ್ಲಿಸಬೇಡಿ. ನೈಟ್ರೇಟ್ ಹೀರಿದ ಒಣ ಹೊಟ್ಟು ಭುಗಿಲೇಳಬಲ್ಲದು. ಸ್ವಲ್ಪ ಸ್ವಲ್ಪವೇ ಇಟ್ಟು, ನಿಮಿಷಕ್ಕೆ 5 ಡಿಗ್ರಿ ಮೀರದಂತೆ ಏರಿಸಿ.

ಬಣ್ಣ ಕಪ್ಪೇ ಇದ್ದು ಸೆಳೆತ ಮಾತ್ರ ಕುಗ್ಗಿದ್ದರೆ ಆಮ್ಲದ ತೊಳೆತವನ್ನು ನೆನಪಿಸಿಕೊಳ್ಳಿ. ಬೂದಿ ತೆಗೆಯಲೆಂದು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದರೆ ಮ್ಯಾಗ್ನೆಟೈಟೂ ಕರಗುತ್ತದೆ. ತೊಳೆದ ನೀರು ಹಳದಿಯಾಗಿದ್ದು, ಥಯೋಸಯನೇಟ್ ಹನಿ ಹಾಕಿದಾಗ ರಕ್ತಗೆಂಪಾದರೆ ಕಬ್ಬಿಣ ಅಲ್ಲಿದೆ. ಆಮ್ಲದ ತೊಳೆತ ಬೇಕೇ ಇದ್ದರೆ ಕಬ್ಬಿಣ ಸೇರಿಸುವ ಮುನ್ನ, ಹಸಿ ಹೊಟ್ಟಿಗೆ ಮಾಡಬೇಕು.

ಹೆಚ್ಚಿನ ಪುಡಿ ಬಂದು, ದ್ರಾವಣ ಮಾತ್ರ ಮಸಿ ಬಣ್ಣದಲ್ಲಿ ಉಳಿಯುವುದೂ ಇದೆ. ಅದು ಕಬ್ಬಿಣ ಸೇರದ ಇದ್ದಿಲಿನ ದೂಳು. ಮೊದಲ ಪ್ರಯೋಗಕ್ಕೆ ಮುನ್ನವೇ ನೀರಿನಲ್ಲಿ ಕದಡಿ, ಅಯಸ್ಕಾಂತಕ್ಕೆ ಬಾರದ್ದನ್ನು ಚೆಲ್ಲಿ, ನೀರು ತಿಳಿಯಾಗುವವರೆಗೆ ಹೀಗೇ ಮಾಡಿ. ಇದನ್ನು ಬಿಟ್ಟರೆ ಆ ದೂಳು ಸುತ್ತು ಸುತ್ತಿಗೂ ಹೋಗುತ್ತಾ ನಷ್ಟದಂತೆ ಕಾಣುತ್ತದೆ.

ಮರುಬಳಕೆಯಲ್ಲಿ ಕುಸಿತ, ಅಥವಾ ಕುಸಿತವೇ ಇಲ್ಲ

ಐದು ಸುತ್ತಿನಲ್ಲೂ ಶೇಕಡಾ 98 ಪರಿವರ್ತನೆ ಎಂಬ ಸಾಲುಗಂಬಗಳ ನಕ್ಷೆಯಿಂದ ವೇಗವರ್ಧಕ ಸೋತಿಲ್ಲ ಎಂದು ಸಾಬೀತಾಗುವುದಿಲ್ಲ. ಎರಡು ನಿಮಿಷದಲ್ಲಿ ಮುಗಿಯುವ ಕ್ರಿಯೆಗೆ ಹದಿನೈದು ನಿಮಿಷ ಕೊಟ್ಟರೆ, ಮುಕ್ಕಾಲು ಪಾಲು ಶಕ್ತಿ ಕಳೆದುಕೊಂಡ ಪುಡಿಯೂ ಕೆಲಸ ಮುಗಿಸುತ್ತದೆ. ಪ್ರತಿ ಸುತ್ತಿನಲ್ಲೂ ಆರಂಭದ ವೇಗ, ಅಥವಾ ವೇಗ ಸ್ಥಿರಾಂಕ ಅಳೆಯಿರಿ. ಹೊಟ್ಟಿನಿಂದ ಮಾಡಿದ್ದಕ್ಕೆ ಬೆಲೆ ಬರುವುದೇ ಅದನ್ನು ಮತ್ತೆ ಮತ್ತೆ ಬಳಸಬಹುದು ಎಂಬುದರಿಂದ. ಹಾಗಿರುವಾಗ ಈ ಒಂದು ಅಳತೆಯಲ್ಲಿ ರಿಯಾಯಿತಿ ತೆಗೆದುಕೊಳ್ಳಬಾರದು.

ಕುಸಿತ ನಿಜವಾಗಿದ್ದರೆ ಮೊದಲು ತೂಕ ಮಾಡಿ. ಪ್ರತಿ ತೊಳೆತದಲ್ಲಿ ಶೇಕಡಾ 5ರಷ್ಟು ಪುಡಿ ಹೋದರೂ ಐದನೇ ಸುತ್ತಿಗೆ ಉಳಿಯುವುದು 81, ಹತ್ತನೆಯದಕ್ಕೆ 63. ವೇಗವೂ ಅಷ್ಟೇ ಇಳಿದಿದ್ದರೆ ಪುಡಿ ಸೋತಿಲ್ಲ, ಚೆಲ್ಲಿಹೋಗಿದೆ.

ತೂಕ ಸರಿಯಿದ್ದರೆ ಪುಡಿಯನ್ನು 60 ಡಿಗ್ರಿಯ ನೀರಿನಲ್ಲಿ ಚೆನ್ನಾಗಿ ತೊಳೆದು ಮತ್ತೆ ನೋಡಿ. ವೇಗ ಮರಳಿದರೆ ಮೇಲ್ಮೈಗೆ ಬೋರೇಟ್ ಮೆತ್ತಿತ್ತು ಎಂದರ್ಥ. ಪುಡಿ ತೆಗೆಯದೆ ಅದೇ ದ್ರಾವಣಕ್ಕೆ ಹೊಸ ಬೋರೋಹೈಡ್ರೈಡ್ ಸುರಿಯುತ್ತಾ ಹೋಗುವ ವಿಧಾನದಲ್ಲಿ ಇದು ಅನಿವಾರ್ಯ. ಬೋರೇಟ್ ಸೇರುತ್ತಾ ದ್ರಾವಣ ದಪ್ಪವಾಗಿ ಪಿಎಚ್ ಏರುತ್ತದೆ. ಅದನ್ನು ಮರುಬಳಕೆ ಪರೀಕ್ಷೆ ಎಂದು ನಾನು ಒಪ್ಪುವುದಿಲ್ಲ.

ತೊಳೆದರೂ ಮರಳದಿದ್ದರೆ ಕೋಬಾಲ್ಟ್ ಬಿಟ್ಟುಹೋಗುತ್ತಿದೆಯೇ ನೋಡಬೇಕು. ಕ್ರಿಯೆ ಅರ್ಧವಾದಾಗ ಪುಡಿಯನ್ನು ಅಯಸ್ಕಾಂತದಿಂದ ತೆಗೆದು, ಉಳಿದ ದ್ರಾವಣವನ್ನು 0.22 ಮೈಕ್ರೋಮೀಟರ್ ಸಿರಿಂಜ್ ಫಿಲ್ಟರಿನಲ್ಲಿ ಸೋಸಿ, ಕ್ರಿಯೆ ಮುಂದುವರಿಯುತ್ತದೆಯೇ ಗಮನಿಸಿ. ಅಯಸ್ಕಾಂತ ಒಂದೇ ಸಾಲದು, ಕಬ್ಬಿಣದಿಂದ ಕಳಚಿಕೊಂಡ ಕೋಬಾಲ್ಟ್ ಕಣ ಅದಕ್ಕೆ ಸಿಗದೆ ದ್ರಾವಣದಲ್ಲೇ ಉಳಿದು ಕೆಲಸ ಮಾಡುತ್ತಿರಬಹುದು. ಬೋರೋಹೈಡ್ರೈಡ್ ತಾನಾಗಿ ಒಡೆಯುವುದೂ ಇರುವುದರಿಂದ ಹೈಡ್ರೋಜನ್ ಪ್ರಯೋಗದಲ್ಲಿ ಖಾಲಿ ದ್ರಾವಣದ ಜೊತೆ ಹೋಲಿಸಿಯೇ ಹೇಳಬೇಕು. ಬಣ್ಣ ನೋಡಿ ನಿರ್ಧರಿಸಲು ಇಲ್ಲಿ ಬರುವುದಿಲ್ಲ, ಕ್ಷಾರದಲ್ಲಿ ಕೋಬಾಲ್ಟ್ ಗುಲಾಬಿಯಾಗಿ ಉಳಿಯುವುದಿಲ್ಲ. ಸೋಸದ ದ್ರಾವಣ, ಸೋಸಿದ ದ್ರಾವಣ ಎರಡನ್ನೂ ಆಮ್ಲೀಕರಿಸಿ, ದ್ರಾವಣದಲ್ಲಿರುವ ಲೋಹ ಅಳೆಯುವ ಐಸಿಪಿ ಅಥವಾ ಎಎಎಸ್ ಪರೀಕ್ಷೆಗೆ ಕೊಡಿ. ಎರಡರ ವ್ಯತ್ಯಾಸ ನೋಡಿದರೆ ಕಳಚಿದ ಕಣವೆಷ್ಟು, ಕರಗಿದ ಲೋಹವೆಷ್ಟು ಎಂದು ತಿಳಿಯುತ್ತದೆ.

ಬಳಸಿದ ದ್ರಾವಣಗಳ ಬಗ್ಗೆ ಒಂದು ಮಾತು. ಬೋರೋಹೈಡ್ರೈಡ್ ಉಳಿದಿರುವ ದ್ರಾವಣವನ್ನು ಬಿಗಿ ಮುಚ್ಚಳದ ಬಾಟಲಿಗೆ ಎಂದೂ ತುಂಬಬೇಡಿ, ಹೈಡ್ರೋಜನ್ ಒತ್ತಡಕ್ಕೆ ಅದು ಸಿಡಿಯುತ್ತದೆ. ಆಮ್ಲದ ತ್ಯಾಜ್ಯದ ಕ್ಯಾನಿಗೂ ಸುರಿಯಬಾರದು. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಎಷ್ಟಿದ್ದರೂ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಫ್ಯೂಮ್ ಹುಡ್‌ನಲ್ಲಿ ಬಾಯಿ ತೆರೆದಿಟ್ಟು, ಹತ್ತಿರ ಬೆಂಕಿ ಕಿಡಿ ಇಲ್ಲದಂತೆ ನೋಡಿಕೊಂಡು, ತೆಳು ಆಮ್ಲವನ್ನು ನಿಧಾನಕ್ಕೆ ಹನಿಸಿ ಗುಳ್ಳೆ ನಿಂತ ಮೇಲೆ, ಕೋಬಾಲ್ಟ್ ಇರುವ ತ್ಯಾಜ್ಯವೆಂದು ಚೀಟಿ ಹಚ್ಚಿ ಬೇರೆಯಾಗಿ ಇಡಿ.